ಕರಡಿ ಹಿಡಿದ ಹಗ್ಗ

ಬಲು ಹಿಂದಿನ ಮಾತು. ನೀಲಕುಂದ ಎಂಬ ರಾಜ್ಯವೊಂದಿತ್ತು. ಆ ರಾಜ್ಯದ ಬಡಗಣ ಅಂಚಿನಲ್ಲಿ ತೊಟ್ಟಿಲುಬಂಡೆ ಎಂಬ ಕಡಿದಾದ ಬಂಡೆ. ಅದರ ಎದೆಯ ತುಂಬ ಹೆಜ್ಜೇನು. ಒಂದೊಂದು ಹುಟ್ಟೂ ಗಾಡಿಯ ಚಕ್ರದಷ್ಟು ದೊಡ್ಡದು. ಮೇಲಿನಿಂದ ಇಣುಕಿದರೆ ಕೆಳಗಿನ ಹೊಳೆ ದಾರದ ಎಳೆಯಂತೆ ಕಾಣುತ್ತಿತ್ತು. ಅಲ್ಲಿ ಜೇನು ಇಳಿಸುವುದೆಂದರೆ ಬಳ್ಳಿ ಹೊಸೆದ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ಹೊಗೆಯ ಸೂಡಿ ಹಿಡಿದು, ಬಂಡೆಯ ನೆತ್ತಿಯಿಂದ ಕೆಳಕ್ಕೆ ಜೋತುಬೀಳುವುದು. ಮೇಲೆ ಒಬ್ಬ ಹಗ್ಗ ಹಿಡಿದು ನಿಲ್ಲಬೇಕು.

ಆ ಹಗ್ಗ ಯಾರು ಹಿಡಿಯಬೇಕು ಎಂಬುದಕ್ಕೆ ಬಂಡೆಯ ಜನರಲ್ಲಿ ಒಂದು ಕಟ್ಟಳೆ. ಒಡಹುಟ್ಟಿದವನು ಹಿಡಿಯಕೂಡದು, ಪಾಲಿನ ಆಸೆ ಇದ್ದೀತು. ಗೆಳೆಯ ಹಿಡಿಯಕೂಡದು, ಒಳಗೊಳಗೇ ಹೊಟ್ಟೆಕಿಚ್ಚು ಇದ್ದೀತು. ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಯಾಕೆಂದರೆ ಅವನು ಕೈಬಿಟ್ಟರೆ ಬರಿದಾಗುವುದು ಅವನ ಒಡಹುಟ್ಟಿದವಳ ಹಣೆ. ಇದನ್ನು ಮೊದಲು ಯೋಚಿಸಿದವರು ಯಾರೋ ಕಾಣೆ, ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಆ ಬಂಡೆಯ ಮೇಲಿನ ಹಾಡಿಯಲ್ಲಿ ಕೇತ ಎಂಬ ತರುಣನಿದ್ದ. ಅವನ ಹೆಂಡತಿ ದ್ಯಾವಿ. ದ್ಯಾವಿಯ ತಮ್ಮ ಬೊಮ್ಮ. ಬೊಮ್ಮ ಹಗ್ಗ ಹಿಡಿದರೆ ಕೇತ ನಡುಗಾಳಿಯಲ್ಲಿ ತೂಗಾಡುತ್ತ, ಸುತ್ತ ಹೆಜ್ಜೇನು ಮೊರೆಯುತ್ತಿದ್ದರೂ, ಗಟ್ಟಿಯಾಗಿ ಹಾಡು ಹೇಳುತ್ತಿದ್ದ. ಹಾಡೇನೋ ಚೆನ್ನಾಗಿರುತ್ತಿತ್ತು, ಕಂಠ ಮಾತ್ರ ದೇವರಿಗೇ ಪ್ರೀತಿ. ಆದರೂ ಅಷ್ಟು ಖುಷಿಯಾಗಿ ಬದುಕಿರುವ ಮನುಷ್ಯನನ್ನು ನೋಡಲು ಜನ ಕೆಲಸ ಬಿಟ್ಟು ಬಂಡೆಯ ಕೆಳಗೆ ನಿಲ್ಲುತ್ತಿದ್ದರು.

ಹಾಗೆ ನಿಂತವರಲ್ಲಿ ಒಮ್ಮೆ ಪೊರೆಸಿದ್ಧನೂ ಇದ್ದ. ಪೊರೆಸಿದ್ಧ ಮಹಾ ಮಂತ್ರವಾದಿ. ಹಾವು ಪೊರೆ ಬಿಟ್ಟಂತೆ ಮೈ ಬಿಟ್ಟು ಮೈ ಸೇರುವ ವಿದ್ಯೆ ಅವನಿಗೆ ತಿಳಿದಿತ್ತು. ಒಬ್ಬ ರಾಜನ ಮೈ ಕದ್ದು ಸವೆಸಿದ್ದ, ಒಬ್ಬ ಜಟ್ಟಿಯ ಮೈ ಕದ್ದು ಮುಗಿಸಿದ್ದ. ಎಲ್ಲಿ ಹೊಕ್ಕರೂ ಅವನಿಗೆ ಸುಖವಿಲ್ಲ. ಈಗ ಕೇತನ ಹಾಡು ಕೇಳಿ ಅವನ ಬಾಯಲ್ಲಿ ನೀರೂರಿತು. ‘ಈ ಖುಷಿ ಆ ಮೈಯಲ್ಲೇ ಇರಬೇಕು. ಅದು ನನಗೆ ಬೇಕು’ ಎಂದುಕೊಂಡ.

ಕಾಲ ಅವನಿಗೇ ಕೂಡಿಬಂತು. ರಾಣಿ ಅಬ್ಬಲದೇವಿಯ ಮೊಮ್ಮಗಳಿಗೆ ಹೆಸರಿಡುವ ಹಬ್ಬ, ಅರಮನೆಗೆ ಜೇನು ಬೇಕು. ಅದೇ ಹೊತ್ತಿಗೆ ಬೊಮ್ಮನಿಗೆ ಜ್ವರ ಬಂದು ಮೈ ಕೆಂಡವಾಯಿತು.

“ಅವನು ಏಳೋ ತನಕ ಕಾಯೋಣ” ಎಂದಳು ದ್ಯಾವಿ.

“ಕಾಯ್ತಾ ಕೂತರೆ ಹುಳ ಎಲ್ಲಾ ಕುಡಿದು ಬರೀ ಮೇಣ ಬಿಟ್ಟಾವು ಕಣೇ” ಎಂದ ಕೇತ.

ಅಷ್ಟರಲ್ಲಿ ಸೌಮ್ಯವಾದ ಮುಖದ ಒಬ್ಬ ದಾರಿಹೋಕ ಅಂಗಳಕ್ಕೆ ಬಂದು ನೀರು ಕೇಳಿದ. ಮಾತು ಮಾತಿನಲ್ಲಿ ವಿಷಯ ತಿಳಿದು, “ನಾನು ಹಿಡೀಲೇನವ್ವಾ?” ಎಂದ. ಬಂಡೆಯ ಜನರಲ್ಲಿ ಇನ್ನೊಂದು ರೂಢಿಯೂ ಇತ್ತು. ಹೆಣ್ಣು ತನ್ನ ಕೈಯಾರೆ ಅರಿಸಿನದ ದಾರ ಕಟ್ಟಿದರೆ, ಕಟ್ಟಿಸಿಕೊಂಡವನು ಹೊತ್ತು ಮುಳುಗುವವರೆಗೆ ಅವಳ ಅಣ್ಣ. ದ್ಯಾವಿ ಆ ನಗುಮುಖ ನೋಡಿ ದಾರ ಕಟ್ಟಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳಿಗೆ ಆಗ ಹೇಳುವವರು ಯಾರೂ ಇರಲಿಲ್ಲ. ದಾರಿಹೋಕನಾಗಿ ಬಂದವನು ಪೊರೆಸಿದ್ಧನೇ.

ಕೇತ ಹಗ್ಗದಲ್ಲಿ ಜೋತುಬಿದ್ದು ಹಾಡು ತೆಗೆದ. ಮೇಲೆ ಪೊರೆಸಿದ್ಧ ಮಂತ್ರ ಹೇಳಿದ. ಬಾವಿಯಿಂದ ನೀರು ಸೇದುವಂತೆ ಕೇತನ ಮೈಯಿಂದ ಕೇತನನ್ನು ಹೊರಕ್ಕೆಳೆದ. ತಾನು ಹಗ್ಗದ ಉದ್ದಕ್ಕೂ ಇಳಿದು ಆ ಮೈಯೊಳಗೆ ಹೊಕ್ಕ. ಅವನ ಹಳೆಯ ಮೈ ಹೊಳೆಗೆ ಬಿತ್ತು. ಹೊಸ ಕೈಗಳಿಂದ ಬಂಡೆ ಹಿಡಿದು ಸರಸರನೆ ಮೇಲೆ ಹತ್ತಿ ಬಂದ. ಹೊರಬಿದ್ದ ಕೇತನೋ, ಎಲ್ಲಿ ಹೋಗಬೇಕು ತಿಳಿಯದೆ ಕೆಳಗೆ ಬೀಳುತ್ತಿದ್ದ. ಬಂಡೆಯ ಬುಡದಲ್ಲಿ ಸೋರಿದ ಜೇನು ನೆಕ್ಕುತ್ತಿದ್ದ ಒಂದು ಕರಡಿಯ ಒಳಗೆ ಹೋಗಿ ಸೇರಿಕೊಂಡ. ಪಾಪ, ಕರಡಿಯ ಜೀವ ಅದೇ ಮೈಯ ಒಂದು ಮೂಲೆಯಲ್ಲಿ ಮುದುರಿ ಮಲಗಿತು.

ಕದ್ದ ಮೈಗೆ ಒಂದು ನಿಯಮವಿತ್ತು. ಅದು ಕದ್ದವನಿಗೇ ಉಳಿಯಬೇಕಾದರೆ ಆ ಮೈಯವನ ಹತ್ತಿರದವರು ಅವನನ್ನು ಒಪ್ಪಬೇಕು. ಬಂಡೆಯ ಜನರಲ್ಲಿ ಒಪ್ಪುವುದೆಂದರೆ ಹಗ್ಗ ಹಿಡಿಯುವುದು. ಬೊಮ್ಮ ‘ಭಾವ’ ಎಂದು ಪೊರೆಸಿದ್ಧನಿಗಾಗಿ ಹಗ್ಗ ಹಿಡಿದರೆ ಆ ಮೈ ಅವನದೇ, ಕೇತನಿಗೆ ಸಾಯುವತನಕ ಕರಡಿಯ ಚರ್ಮವೇ ಗತಿ. ಅದೇ ಬೊಮ್ಮ ಕರಡಿಯನ್ನು ‘ಭಾವ’ ಎಂದು ಕರೆದು ಅದರ ಜೊತೆ ಹಗ್ಗಕ್ಕೆ ಕೈ ಹಾಕಿದರೆ ಮಾಟ ಮುರಿಯುತ್ತದೆ. ಇದು ಪೊರೆಸಿದ್ಧನೊಬ್ಬನಿಗೇ ಗೊತ್ತಿತ್ತು. ಕರಡಿಯನ್ನು ಯಾರು ಭಾವ ಎಂದಾರು ಎಂದು ಅವನು ನಿಶ್ಚಿಂತೆಯಾಗಿದ್ದ.

ದಾರಿಹೋಕ ಆಗಲೇ ಹೊರಟುಹೋದ ಎಂದು ಪೊರೆಸಿದ್ಧ ಮನೆಯಲ್ಲಿ ಹೇಳಿದ. ಜೇನು ಅರಮನೆಗೆ ಹೋಯಿತು, ಬೊಮ್ಮನ ಜ್ವರ ಇಳಿಯಿತು. “ಬಾ ಬೊಮ್ಮ, ಬಂಡೆಗೆ ಹೋಗೋಣ” ಎಂದು ಪೊರೆಸಿದ್ಧ ದಿನವೂ ಕರೆಯತೊಡಗಿದ. “ಅವನಿಗಿನ್ನೂ ನಿಶ್ಶಕ್ತಿ” ಎಂದು ದ್ಯಾವಿ ದಿನವೂ ತಡೆದಳು. ಅವಳ ಮನಸ್ಸಿನಲ್ಲಿ ಏನೋ ಚುಚ್ಚುತ್ತಿತ್ತು. ಮೈ ಕೇತನದೇ, ನಡಿಗೆ ಕೇತನದೇ. ನೆನಪೂ ಕೇತನದೇ, ಯಾಕೆಂದರೆ ನೆನಪಿನ ಗಂಟು ಮೈಯಲ್ಲೇ ಉಳಿದಿತ್ತು. ಆದರೂ ಒಂದು ದಿನ ಅವಳು ತಮ್ಮನನ್ನು ಹಿತ್ತಿಲಿಗೆ ಕರೆದು ಹೇಳಿದಳು.

“ಬೊಮ್ಮಾ, ಇವನು ನಿನ್ನ ಭಾವ ಅಲ್ಲ.”

“ನಿನಗೇನು ಗಾಳಿ ಬಡೀತಾ ಅಕ್ಕ?”

“ನಮ್ಮ ಮದುವೆ ಕತೆ ಕೇಳಿದೆ. ನಿನ್ನ ಭಾವ ಹೇಳಿದ್ರೆ ಒಂದು ಸಲ ಮಳೆ ಬಂದಿರ್ತಿತ್ತು, ಇನ್ನೊಂದು ಸಲ ಆಲಿಕಲ್ಲು. ಒಂದು ಸಲ ಹಂದಿ ನುಗ್ಗಿತ್ತು ಅನ್ನೋನು, ಆಮೇಲೆ ಆನೆ ಅನ್ನೋನು. ಇವನು ಎಷ್ಟು ಸಲ ಕೇಳಿದ್ರೂ ಒಂದೇ ತರ ಹೇಳ್ತಾನೆ. ಪೆಟ್ಟಿಗೆ ತೆಗೆದು ಸೀರೆ ತೋರಿಸಿ ಮತ್ತೆ ಮಡಚಿ ಇಟ್ಟ ಹಾಗೆ. ನಿನ್ನ ಭಾವ ಆ ನೆನಪಿನ ಒಳಗೆ ಹೋಗಿ ಕುಣಿದು ಬರ್ತಿದ್ದ.”

“ಸರಿಯಾಗಿ ಹೇಳಿದ್ದಕ್ಕೇ ಗಂಡ ಅಲ್ಲ ಅಂತೀಯಲ್ಲಕ್ಕ! ಊರಲ್ಲಿ ಹೇಳಿಬಿಟ್ಟೀಯ, ನಗ್ತಾರೆ” ಎಂದ ಬೊಮ್ಮ.

ಇತ್ತ ಕರಡಿಯ ಒಳಗೆ ಕೇತ ಕರಗುತ್ತಿದ್ದ. ತುಪ್ಪ ತೆಗೆದ ಗಡಿಗೆಯಲ್ಲಿ ವಾಸನೆ ಉಳಿದಂತೆ ಅವನ ಜೊತೆ ಒಂದಿಷ್ಟು ನೆನಪು ಬಂದಿತ್ತು. ದಿನ ಕಳೆದಂತೆ ಅದೂ ಆರುತ್ತ ಬಂತು. ಮೊದಲು ಹಾಡಿನ ಪದಗಳು ಹೋದವು. ಆಮೇಲೆ ಹಾಡಿಯ ಹೆಸರು ಹೋಯಿತು. ಆಮೇಲೆ ತಾಯಿಯ ಮುಖ ಹೋಯಿತು. ಒಂದು ಬೆಳಗ್ಗೆ ತನ್ನ ಹೆಸರನ್ನೇ ಹುಡುಕಿದ, ಅದೂ ಸಿಗಲಿಲ್ಲ. ಆದರೆ ಕೇಳಿ, ಇದೇ ನನಗೆ ದೊಡ್ಡ ಬೆರಗು. ಎಲ್ಲವೂ ಹೋಗುತ್ತಿರುವುದನ್ನು ನೋಡುತ್ತ ಒಳಗೆ ಒಬ್ಬ ಇದ್ದೇ ಇದ್ದ. ‘ಹೋಯಿತು’ ಎಂದು ನೋಯುವವನೊಬ್ಬ ಇದ್ದ. ಹೆಸರಿಲ್ಲ, ಊರಿಲ್ಲ, ಮುಖವಿಲ್ಲ, ಆದರೂ ಅವನು ಇದ್ದ. ಅವನನ್ನು ಕದಿಯಲು ಮಾತ್ರ ಯಾವ ಮಂತ್ರಕ್ಕೂ ಆಗಿರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಒಂದು ದಾರಿ. ಬೆಳಗಾದರೆ ಆ ದಾರಿ ಹಿಡಿದು ಒಂದು ಅಂಗಳದ ಅಂಚಿಗೆ ಬಂದು ಕೂರುತ್ತಿದ್ದ. ಯಾಕೆಂದು ಅವನಿಗೇ ತಿಳಿಯದು. ಮಕ್ಕಳು ಕಲ್ಲು ಹೊಡೆದರೂ ಏಳುತ್ತಿರಲಿಲ್ಲ.

ಒಂದು ದಿನ ದ್ಯಾವಿ ಅಂಗಳದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಕರಡಿ ಅವಳನ್ನು ನೋಡಿತು. ಆಮೇಲೆ ಮೆಲ್ಲಗೆ ತಿರುಗಿ ಬೆನ್ನು ಮಾಡಿ ಕೂತಿತು, ಎದ್ದು ಮಾತ್ರ ಹೋಗಲಿಲ್ಲ. ದ್ಯಾವಿ ಕಣ್ಣೊರೆಸಿಕೊಂಡು ಅದರ ಬೆನ್ನನ್ನೇ ನೋಡಿದಳು. ಅವಳ ಗಂಡನಿಗೆ ಅವಳು ಅಳುವುದನ್ನು ನೋಡಲು ಆಗುತ್ತಿರಲಿಲ್ಲ. ಹೀಗೇ ಬೆನ್ನು ಮಾಡಿ, ಅವಳು ಸುಮ್ಮನಾಗುವವರೆಗೂ ಅಲ್ಲೇ ಕೂರುತ್ತಿದ್ದ.

“ನೀನಾ?” ಎಂದಳು ದ್ಯಾವಿ.

ಅಷ್ಟರಲ್ಲಿ ಮನೆಯೊಳಗಿಂದ ಈಟಿ ಹಿಡಿದು ಓಡಿ ಬಂದವನು ಪೊರೆಸಿದ್ಧ. “ಆ ಪ್ರಾಣಿನ ಇವತ್ತು ಮುಗಿಸಿಬಿಡ್ತೀನಿ!” ಎಂದು ಕೂಗಿದ.

“ಕಾಡಲ್ಲಿ ಅಷ್ಟೊಂದು ಕರಡಿ ಇದ್ದಾವೆ. ಇದೊಂದನ್ನ ಕಂಡರೆ ನಿನಗೆ ಯಾಕೆ ಅಷ್ಟು ಭಯ?” ಎಂದು ದ್ಯಾವಿ ಕೇಳಿದಳು.

“ಭಯ? ನನಗ್ಯಾಕೆ ಭಯ? ನಾನು ಕೇತನೇ ಅಲ್ವಾ?” ಎಂದ ಅವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನು ಕೇತನಲ್ಲ ಎಂದು ಅವಳು ಅವನೆದುರು ಹೇಳಿಯೇ ಇರಲಿಲ್ಲ. ದ್ಯಾವಿ ಅಂದೇ ಕರಡಿಯ ಕೊರಳಿಗೆ ತನ್ನ ಸೆರಗು ಕಟ್ಟಿ, ನೆಟ್ಟಗೆ ಅರಮನೆಯ ದಾರಿ ಹಿಡಿದಳು. ಹಿಂದೆ ಬೊಮ್ಮ, ಅವನ ಹಿಂದೆ ಪೊರೆಸಿದ್ಧ, ಅವನ ಹಿಂದೆ ತಮಾಷೆ ನೋಡಲು ಇಡೀ ಹಾಡಿ.

ರಾಣಿ ಅಬ್ಬಲದೇವಿ ಹಣ್ಣು ಹಣ್ಣು ಮುದುಕಿ. ಸಭೆಯೆಲ್ಲ ನಕ್ಕರೂ ಅವಳು ನಗಲಿಲ್ಲ. “ಇಷ್ಟು ವರ್ಷ ಮನುಷ್ಯರ ನ್ಯಾಯ ಕೇಳಿದ್ದೇನೆ. ಇಂದು ಕರಡಿಯದೂ ಕೇಳೋಣ. ಮೂರು ಪರೀಕ್ಷೆ ಮಾಡುತ್ತೇನೆ” ಎಂದಳು.

ಮೊದಲನೆಯದು ಮೈಯ ಪರೀಕ್ಷೆ. ಅರಮನೆಯ ವೈದ್ಯರು ಬಂದು ನೋಡಿದರು. ಎಡಗೈಯಲ್ಲಿ ಬಳ್ಳಿ ಕೊಯ್ದ ಕಲೆ, ಬೆನ್ನಲ್ಲಿ ಮಚ್ಚೆ, ಮುರಿದು ಕೂಡಿದ ಕಿರುಬೆರಳು, ಎಲ್ಲವೂ ಪೊರೆಸಿದ್ಧನಲ್ಲಿ ಇದ್ದವು. ಕರಡಿಯಲ್ಲಿ ಕೂದಲು ಸರಿಸಿ ಹುಡುಕಿದರೆ ಸಿಕ್ಕಿದ್ದು ರಕ್ತ ಹೀರುವ ಉಣ್ಣಿ ಮಾತ್ರ.

“ಮೈ ಇವನದೇ” ಎಂದಿತು ಸಭೆ.

ಎರಡನೆಯದು ನೆನಪಿನ ಪರೀಕ್ಷೆ. ಮಂತ್ರಿಗಳು ಕೇಳಿದರು, ಪೊರೆಸಿದ್ಧ ಪಟಪಟನೆ ಹೇಳಿದ. ಕೇತ ಹುಟ್ಟಿದ ದಿನದ ನಕ್ಷತ್ರ ಹೇಳಿದ, ಮೊದಲ ಜೇನು ಇಳಿಸಿದ ಮೂಲೆ ಹೇಳಿದ, ತಾಯಿ ತೀರಿಕೊಂಡಾಗ ಆಡಿದ ಕೊನೆಯ ಮಾತು ಹೇಳಿದ. ಕರಡಿಯ ಸರದಿ ಬಂತು. “ನಿನ್ನ ಮನೆ ಯಾವ ದಿಕ್ಕಿಗಿದೆ, ತೋರಿಸು” ಎಂದರು. ಕರಡಿ ಬಡಗಣಕ್ಕೆ ಹೋಗುವ ಬದಲು ಅಡುಗೆಮನೆಯ ಕಡೆಗೆ ಹೊರಟಿತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ನೆನಪೂ ಇವನದೇ” ಎಂದರು.

ಬೊಮ್ಮ ಅಕ್ಕನ ಕೈ ಹಿಡಿದುಕೊಂಡ. “ಸಾಕು ಬಾರಕ್ಕ. ಮೈ ಅವನದು, ನೆನಪು ಅವನದು. ಇನ್ನೇನು ಬೇಕು ನಿನಗೆ?”

“ಅವನೇ ಬೇಕು” ಎಂದಳು ದ್ಯಾವಿ.

ನನ್ನನ್ನು ಕೇಳಿದರೆ, ಆ ಸಭೆಯಲ್ಲಿ ಹುಟ್ಟಿದ ಮಾತುಗಳಲ್ಲೆಲ್ಲ ದೊಡ್ಡದು ಅದೇ.

ರಾಣಿ ಮೂರನೆಯ ಪರೀಕ್ಷೆ ಹೇಳಿದಳು. “ನಾಳೆ ತೊಟ್ಟಿಲುಬಂಡೆಯ ಮೇಲೆ ಈತ ಹಗ್ಗದಲ್ಲಿ ಇಳಿಯಲಿ. ನಿಮ್ಮ ಕಟ್ಟಳೆಯಂತೆ ಬೊಮ್ಮ ಹಗ್ಗ ಹಿಡಿಯಲಿ. ಆಮೇಲೆ ವಾದ ಬೇಡ.” ಪೊರೆಸಿದ್ಧನ ಮುಖ ಅರಳಿತು. ಅವನು ಹಂಬಲಿಸಿದ್ದು ತಾನಾಗಿ ಕೈಗೆ ಬಂದಿತ್ತು.

ಮರುದಿನ ರಾಣಿಯ ಮೇನೆ ಬಂಡೆಯ ನೆತ್ತಿಗೆ ಬಂತು. ಬೊಮ್ಮ ಹಗ್ಗವನ್ನು ಬಿಚ್ಚಿ ಹಾಸಿದ. ಆಗ ದ್ಯಾವಿ ಮುಂದೆ ಬಂದು ಕೈಮುಗಿದಳು.

“ತಾಯೀ, ಬೊಮ್ಮ ಹಗ್ಗ ಹಿಡಿದ್ರೆ ಬೊಮ್ಮ ಎಂಥವನು ಅಂತ ಗೊತ್ತಾಗ್ತದೆ. ಇವನು ಎಂಥವನು ಅಂತ ಹೆಂಗೆ ಗೊತ್ತಾಗ್ತದೆ? ನಾನು ಇಳೀತೀನಿ. ನನ್ನ ಗಂಡ ಅನ್ನೋನು ಹಗ್ಗ ಹಿಡೀಲಿ.”

ಜನ ಗುಸುಗುಸು ಎಂದರು. ಹೆಂಗಸರು ಬಂಡೆ ಇಳಿದದ್ದು ಯಾವ ಕಾಲದಲ್ಲೂ ಇರಲಿಲ್ಲ. ಬೊಮ್ಮ “ಬ್ಯಾಡಕ್ಕ, ಬ್ಯಾಡ” ಎಂದು ಅಂಗಲಾಚಿದ. ರಾಣಿ ದ್ಯಾವಿಯ ಮುಖ ನೋಡಿ, “ಆಗಲಿ. ಅವನು ಸೋಲದ ಹೊರತು ಬೇರೆ ಯಾರೂ ಹಗ್ಗ ಮುಟ್ಟಬಾರದು” ಎಂದಳು. ಪೊರೆಸಿದ್ಧನಿಗೆ ಒಳಗೆ ಸಿಟ್ಟು ಕುದಿಯಿತು. ಇಷ್ಟು ಜನರೆದುರು ಹೆಂಡತಿಗೆ ಹಗ್ಗ ಹಿಡಿಯಲಾರೆ ಎನ್ನುವುದು ಹೇಗೆ? ಕೇತನ ಕೈಗಳಿಗೆ ಹಗ್ಗದ ಪಟ್ಟು ಚೆನ್ನಾಗಿ ಗೊತ್ತಿತ್ತು. ಬಂಡೆಯ ಅಂಚಿನ ಕಲ್ಲಿಗೆ ಕಾಲು ಕೊಟ್ಟು, ಹಗ್ಗವನ್ನು ಸೊಂಟದ ಸುತ್ತ ತಂದು, ಗಟ್ಟಿಯಾಗಿ ಹಿಡಿದ. ದ್ಯಾವಿ ಸೆರಗು ಕಟ್ಟಿ, ಸೂಡಿ ಹೊತ್ತಿಸಿಕೊಂಡು ಇಳಿದಳು. ಕರಡಿ ಅಂಚಿನಲ್ಲಿ ಮುದುರಿ ಕೂತಿತ್ತು.

ದ್ಯಾವಿ ಅರ್ಧ ಬಂಡೆ ಇಳಿದಿದ್ದಳು. ಇದ್ದಕ್ಕಿದ್ದಂತೆ ಗಾಳಿ ತಿರುಗಿತು. ಹೊಗೆ ಹುಟ್ಟಿನ ಕಡೆ ಹೋಗದೆ ಕಣಿವೆಗೆ ಹೋಯಿತು. ಹೆಜ್ಜೇನು ಎದ್ದವು. ಕರಿಯ ಕಂಬಳಿ ಎದ್ದಂತೆ ಎದ್ದು, ಬಂಡೆಯ ನೆತ್ತಿಗೆ ಬಂದು ಹಗ್ಗ ಹಿಡಿದವನ ಮುಖಕ್ಕೇ ಮುತ್ತಿದವು. ಮೇನೆ ಹೊರುವವರು ಮೇನೆಗೆ ದುಪ್ಪಟಿ ಮುಚ್ಚಿದರು, ಜನ ದಿಕ್ಕಾಪಾಲಾದರು.

ಪೊರೆಸಿದ್ಧ ಒಂದು ಕುಟುಕು ತಾಳಿದ, ಎರಡು ತಾಳಿದ. ಆಮೇಲೆ ಒಂದು ಹುಳ ಕಣ್ಣರೆಪ್ಪೆಗೆ ಕುಟುಕಿತು. ಹಗ್ಗ ಹೇಗೆ ಹಿಡಿಯಬೇಕೆಂಬುದು ಅವನಿಗೆ ನೆನಪಿತ್ತು. ದ್ಯಾವಿಯ ಜೊತೆ ಉಂಡದ್ದು, ನಕ್ಕದ್ದು, ಜಗಳವಾಡಿದ್ದು ಎಲ್ಲ ನೆನಪಿತ್ತು. ನೆನಪಿದ್ದರೇನು? ಅವುಗಳಲ್ಲಿ ಒಂದಾದರೂ ಅವನಿಗೆ ಆಗಿದ್ದಲ್ಲ. ‘ಇಷ್ಟು ಕಷ್ಟಪಟ್ಟು ಸಂಪಾದಿಸಿದ ಮೈ, ಹಾಳಾಗಿಬಿಟ್ಟರೆ?’ ಎಂದುಕೊಂಡು ಹಗ್ಗ ಬಿಟ್ಟು ಪೊದೆಯತ್ತ ಓಡಿದ.

ಹಗ್ಗ ಸರ್ರನೆ ಜಾರಿತು. ಅದರ ತುದಿ ಅಂಚು ದಾಟುವ ಮುನ್ನ ಕರಡಿ ಎಗರಿ ಬಂದು ಹಲ್ಲಿನಲ್ಲಿ ಕಚ್ಚಿ ಹಿಡಿಯಿತು.

ಕರಡಿಗೆ ಹಗ್ಗದ ಪಟ್ಟು ಗೊತ್ತಿರಲಿಲ್ಲ. ನಾಲ್ಕೂ ಕಾಲುಗಳನ್ನು ಕಲ್ಲಿಗೆ ಊರಿ, ಕತ್ತು ಹಿಂದಕ್ಕೆ ಎಳೆದು ನಿಂತಿತು. ಹೆಜ್ಜೇನು ಅದರ ಮೂಗಿಗೆ, ಕಿವಿಗೆ, ಕಣ್ಣಿಗೆ ಕುಟುಕಿದವು. ಮೂಗು ಊದಿ ಕುಂಬಳಕಾಯಾಯಿತು, ಒಂದು ಕಣ್ಣು ಮುಚ್ಚಿಯೇ ಹೋಯಿತು. ಹಗ್ಗದ ಮೇಲೆ ರಕ್ತ ಇಳಿಯಿತು. ಕರಡಿಯೊಳಗಿನ ಕರಡಿ ‘ಓಡು, ಓಡು’ ಎಂದು ಚೀರುತ್ತಿತ್ತು. ಒಳಗಿದ್ದ ಇನ್ನೊಬ್ಬ, ಹೆಸರು ಕಳೆದುಕೊಂಡವನು, ಬಿಡಲಿಲ್ಲ. ಅಬ್ಬಾ, ಆ ಒಬ್ಬನನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಬೊಮ್ಮ ಅದನ್ನು ಕಂಡ. ಮೈ ನೋಡಿದಾಗ ಕಾಣದ್ದು, ನೆನಪು ಕೇಳಿದಾಗ ಕೇಳದ್ದು, ಅವನಿಗೆ ಈಗ ಕಂಡಿತು. ಜೇನಿಗೆ ಹೆದರಿ ಹೊದ್ದಿದ್ದ ಕಂಬಳಿ ಬಿಸಾಡಿ, ಜೇನಿನ ನಡುವೆಯೇ ನುಗ್ಗಿ ಬಂದ. ಕರಡಿಯ ಬೆನ್ನ ಹಿಂದೆ ನಿಂತು ಹಗ್ಗಕ್ಕೆ ಕೈ ಹಾಕಿದ.

“ಬಿಡಬ್ಯಾಡ ಭಾವ! ನಾನೂ ಹಿಡಿದೀನಿ! ಬಿಡಬ್ಯಾಡ!”

ಆ ಮಾತು ಬಾಯಿಂದ ಬಿದ್ದದ್ದೇ ತಡ, ಮಾಟ ಮುರಿಯಿತು. ಕರಡಿಯ ಹಲ್ಲು ಸಡಿಲಿತು. ಅದೀಗ ಬರೀ ಕರಡಿ. ಉರಿಯುವ ಮೂಗು ಒರೆಸಿಕೊಳ್ಳುತ್ತ, ಇದೇನು ಗ್ರಹಚಾರ ಎಂಬಂತೆ ಕಾಡಿನ ಕಡೆ ಓಟ ಕಿತ್ತಿತು. ಹಗ್ಗದ ಭಾರವೆಲ್ಲ ಬೊಮ್ಮನೊಬ್ಬನ ಕೈಗೆ ಬಂದು ಅವನು ಅಂಚಿನತ್ತ ಜಾರತೊಡಗಿದ. ಅಷ್ಟರಲ್ಲಿ ಪೊದೆಯಿಂದ ಕೇತನ ಮೈ ಎದ್ದು ಓಡಿ ಬಂತು. ಈಗ ಅದರೊಳಗೆ ಕೇತನೇ ಇದ್ದ. ಇಬ್ಬರೂ ಸೇರಿ ಎಳೆದರು. ದ್ಯಾವಿಯ ತಲೆ ಅಂಚಿನ ಮೇಲೆ ಕಂಡಿತು. ಮಂಡಿ ತರಚಿತ್ತು, ಸೆರಗು ಸುಟ್ಟಿತ್ತು, ಜೀವ ಗಟ್ಟಿಯಾಗಿತ್ತು.

ಗಾಳಿ ಮತ್ತೆ ತಿರುಗಿ ಹೆಜ್ಜೇನು ಹುಟ್ಟಿಗೆ ಮರಳಿದವು. ಮೈ ಕಳೆದುಕೊಂಡ ಪೊರೆಸಿದ್ಧ ಗಾಳಿಯಲ್ಲಿ ಒಂದು ದನಿಯಾಗಿ ಉಳಿದಿದ್ದ. “ನನಗೆ ಮೈ ಕೊಡಿ, ಮೈ ಕೊಡಿ” ಎಂದು ಗೋಗರೆಯುತ್ತಿದ್ದ.

“ಯಾರು ನೀನು?” ಎಂದು ರಾಣಿ ಕೇಳಿದಳು.

“ನಾನು ರಾಜ. ಅಲ್ಲ, ಅದು ಅವನ ಮೈ. ನಾನು ಜಟ್ಟಿ. ಅಲ್ಲ, ಅದು ಇನ್ನೊಬ್ಬನದು. ನಾನು...” ಎಂದು ದನಿ ತಡವರಿಸಿತು. ಕಂಡವರ ಬದುಕನ್ನೆಲ್ಲ ಹೊಕ್ಕು ಹೊರಟು, ಹೊಕ್ಕು ಹೊರಟು, ತಾನಾಗಿ ಬಾಳಿದ ಒಂದು ದಿನವೂ ಅವನ ಬಳಿ ಉಳಿದಿರಲಿಲ್ಲ. ‘ನಾನು, ನಾನು’ ಎನ್ನುತ್ತಲೇ ಆ ದನಿ ಸಣ್ಣಗಾಗಿ, ಕಣಿವೆಯ ಗಾಳಿಯಲ್ಲಿ ಗಾಳಿಯಾಗಿ ಹೋಯಿತು.

ರಾಣಿ ಮೇನೆ ಇಳಿದು ಕೇತನ ಬಳಿಗೆ ನಡೆದು ಬಂದಳು. “ಮಗೂ, ಕರಡಿಯಾಗಿದ್ದಾಗ ನಿನಗೆ ಹಗ್ಗದ ತುದಿಯಲ್ಲಿರುವವಳು ನಿನ್ನ ಹೆಂಡತಿ ಎಂದು ಗೊತ್ತಿತ್ತೇ?” ಎಂದು ಕೇಳಿದಳು.

ಗೊತ್ತಿತ್ತು ಎನ್ನಲಿ ಎಂದು ಜನರೆಲ್ಲ ಹತ್ತಿರ ಸರಿದರು. ದ್ಯಾವಿಯೂ ಅವನ ಮುಖವನ್ನೇ ನೋಡಿದಳು. ಕೇತ ತಲೆ ಕೆರೆದುಕೊಂಡ.

“ಸುಳ್ಳು ಯಾಕೆ ಹೇಳ್ಲಿ ತಾಯಿ. ಗೊತ್ತಿರಲಿಲ್ಲ. ನಾನು ಯಾರು ಅನ್ನೋದೇ ಗೊತ್ತಿರಲಿಲ್ಲ.”

“ಮತ್ತೆ ಅಷ್ಟು ಕುಟುಕಿಸಿಕೊಂಡು ಯಾಕಪ್ಪಾ ಹಿಡಿದೆ?”

“ಹಗ್ಗದಲ್ಲಿ ಭಾರ ಇತ್ತು ತಾಯಿ. ಯಾರೋ ಇದ್ದರು. ಬಿಡೋಕಾಗ್ತದಾ?”

ದ್ಯಾವಿ ನಕ್ಕಳು, ನಗುತ್ತ ನಗುತ್ತಲೇ ಅತ್ತಳು. ರಾಣಿ ಅಷ್ಟು ಜನರ ಎದುರು ಆ ತರುಣನಿಗೆ ಕೈಮುಗಿದು, “ಇವನೇ ಕೇತ. ಬರೆಯುವುದೂ ಬೇಡ, ಸಾರುವುದೂ ಬೇಡ, ನಾನೇ ಸಾಕ್ಷಿ” ಎಂದಳು.

ಆಮೇಲೆ ಅವರಿಗೆ ಮಕ್ಕಳಾದವು, ಮೊಮ್ಮಕ್ಕಳಾದವು. ಬೊಮ್ಮನಿಗೂ ಒಳ್ಳೆಯ ಕಡೆ ಹೆಣ್ಣು ಸಿಕ್ಕಿತು. ಕರಡಿಗೆ ಪ್ರತಿ ಸುಗ್ಗಿಯಲ್ಲೂ ಒಂದು ಇಡೀ ಹುಟ್ಟು ಎಂದು ಹಾಡಿಯವರು ಗೊತ್ತುಮಾಡಿದರು, ಅದೂ ತಪ್ಪದೆ ಬಂದು ತಿಂದು ಹೋಯಿತು. ಅವರೆಲ್ಲ ಅಲ್ಲಿ ಸುಖವಾಗಿ ಬಾಳಿದರು. ನಾವೂ ನೀವೂ ಇಲ್ಲಿ ಒಬ್ಬರ ಹಗ್ಗ ಒಬ್ಬರು ಹಿಡಿದುಕೊಂಡು ಬಾಳೋಣ.